ಬಿಚ್ಚಿದವನೇ ಕಟ್ಟಬೇಕು

"ಆ ಕರಿ ಡಬ್ಬಿ ಒಂದನ್ನ ಬಿಟ್ಬಿಡಿ ಸಾರ್. ಅದಕ್ಕೆ ಕೈ ಹಾಕಿದೋರು ಯಾರೂ ಉದ್ಧಾರ ಆಗಿಲ್ಲ," ಎಂದ ಕಾವಲಿನ ಮುನಿರಾಮಯ್ಯ.

ಪಂಚಾಕ್ಷರಿ ನಕ್ಕ. "ಮಾಟ ವೈರಲ್ಲಿ ಹರಿಯುತ್ತಾ ಮುನಿರಾಮಯ್ಯನೋರೇ? ಹಾಗಾದ್ರೆ ಒಂದು ಫ್ಯೂಸ್ ಹಾಕಿದ್ರಾಯ್ತು ಬಿಡಿ."

"ನಗ್ಬೇಡಿ. ಅಂಬಿಗನಿಗೆ ಮೋಸ ಮಾಡಿ ದೋಣಿ ಕಿತ್ಕೊಂಡ್ರಂತೆ. ಅವನು ಇಟ್ಟುಹೋಗಿರೋದು ಅದು."

1974ರ ಬೇಸಿಗೆ. ಮೂರು ತಿಂಗಳ ಹಿಂದೆ ಕಾವೇರಿ ಹಿನ್ನೀರಿನಿಂದ ಲಾರಿಯ ಮೇಲೆ ಬಂದ ಆ ಹಳೆಯ ಮೋಟಾರು ದೋಣಿ, ರಾಜಾಜಿನಗರದ ಶೆಡ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಹೆಣದಂತೆ ಮಲಗಿತ್ತು. ಚಿತ್ರದುರ್ಗದಿಂದ ಬಂದು ಹದಿನೈದು ದಿನವಾಗಿದ್ದ ಪಂಚಾಕ್ಷರಿಗೆ ಸೋದರಮಾವ ರೇವಣಸಿದ್ದಯ್ಯನವರು ಕೊಟ್ಟ ಮೊದಲ ಕೆಲಸ ಅದು: ಒಳಗಿನ ಒಂದೊಂದು ಭಾಗವನ್ನೂ ಗುರುತು ಹಿಡಿದು, ಹೆಸರು ಬರೆದ ಚೀಟಿ ಕಟ್ಟುವುದು.

"ಗೊತ್ತಾಗದ್ದನ್ನ ಬಿಚ್ಚಿ ನೋಡು," ಎಂದಿದ್ದರು ಮಾವ, ಎಡಗೈಯನ್ನು ಎಂದಿನಂತೆ ಟವೆಲಿನ ಮರೆಯಲ್ಲಿಟ್ಟು. "ಆದ್ರೆ ಬಿಚ್ಚಿದವನೇ ಕಟ್ಟಬೇಕು. ಅದು ನಮ್ಮ ಶೆಡ್ಡಿನ ನೇಮ ಕಣೋ."

ನೇಮಗಳೆಂದರೆ ಪಂಚಾಕ್ಷರಿಗೆ ಗೌರವ. ಮಾಟಕ್ಕೆ ನಗುವವನಾದರೂ ಊರು ಬಿಡುವಾಗ ಅವ್ವ ಹೇಳಿದ್ದನ್ನು ಒಂದು ದಿನವೂ ಮೀರಿರಲಿಲ್ಲ. ಊಟ ತಪ್ಪಿದರೂ ಲಿಂಗಪೂಜೆ ತಪ್ಪಿಸಬೇಡ ಮಗನೇ, ನಿನ್ನ ಎಡ ಅಂಗೈ ದೇವರ ಪೀಠ.

ದೋಣಿಯ ಹೊಟ್ಟೆಯೊಳಗೆ ಇಳಿದ. ಕೊಳೆತ ಪಾಚಿ, ಡೀಸೆಲ್, ಸುಟ್ಟ ರಬ್ಬರಿನ ವಾಸನೆ. ಡೈನಮೋ ಸಿಕ್ಕಿತು, ಚೀಟಿ ಕಟ್ಟಿದ. ಹಾರ್ನ್, ದೀಪದ ಸ್ವಿಚ್ಚು, ಪಿಂಗಾಣಿಯ ಫ್ಯೂಸುಗಳು. ಎಲ್ಲಕ್ಕೂ ಹೆಸರಿತ್ತು. ಹಲಗೆಯ ಹಿಂದೆ, ಮುಷ್ಟಿಗಾತ್ರದ ಕರಿ ಡಬ್ಬಿಯೊಂದಕ್ಕೆ ಮಾತ್ರ ಇರಲಿಲ್ಲ. ಎರಡು ಹಿತ್ತಾಳೆ ತಿರುಪು, ಬಟ್ಟೆ ಸುತ್ತಿದ ಎರಡು ವೈರು. ಜಾಡು ಹಿಡಿದು ಹೋದರೆ ಅವು ಎಲ್ಲಿಗೂ ಮುಟ್ಟುತ್ತಿರಲಿಲ್ಲ.

ಟೆಸ್ಟ್ ಬಲ್ಬಿನ ತುದಿಗಳನ್ನು ತಿರುಪಿಗೆ ತಾಗಿಸಿದ. ದೋಣಿಯ ಬ್ಯಾಟರಿ ಬಿಚ್ಚಿ ಹೊರಗೆ ನೆಲದ ಮೇಲಿಟ್ಟಿತ್ತು.

ಬಲ್ಬು ಹೊತ್ತಿಕೊಂಡಿತು.

ಅದೇ ಕ್ಷಣ ಬಡಾವಣೆಯ ಕರೆಂಟು ಹೋಯಿತು. ಪಕ್ಕದ ಶೆಡ್ಡುಗಳ ಲೇತುಗಳು ಒಂದೊಂದಾಗಿ ಸದ್ದಡಗಿದವು. ನಡುಮಧ್ಯಾಹ್ನವಾದರೂ ದೋಣಿಯ ಹೊಟ್ಟೆಯ ಕತ್ತಲಲ್ಲಿ ಬಲ್ಬು ಉಸಿರಾಡುವಂತೆ ಏರುತ್ತಿತ್ತು, ಇಳಿಯುತ್ತಿತ್ತು. ಎಲ್ಲೋ ಚಾರ್ಜು ಉಳಿದಿರಬೇಕು ಎಂದುಕೊಂಡು ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು ಮುಚ್ಚಳ ತಿರುಗಿಸಿದ.

ಒಳಗೆ ಸುರುಳಿ ಸುತ್ತಿದ ಕಾಯಿಲು. ತಾಮ್ರದ್ದಲ್ಲ. ಕೂದಲು. ಮನುಷ್ಯರ ಕೂದಲು, ಸುತ್ತಿನ ಮೇಲೆ ಸುತ್ತು, ಒಪ್ಪವಾಗಿ. ನಡುವೆ ತಾಮ್ರದ ತಗಡು. ಅದರಲ್ಲಿ ಮಡಿಸಿದ ಚೀಟಿ, ಒಂದು ತುಂಡು ಪೆನ್ಸಿಲು. ಚೀಟಿ ಬಿಡಿಸಿದರೆ ಹೆಸರುಗಳು, ಒಂದರ ಕೆಳಗೊಂದು, ಎಲ್ಲಕ್ಕೂ ಗೀಟು. ಕೊನೆಯ ಗೀಟು ರೇವಣಸಿದ್ದಯ್ಯ ಎಂಬ ಹೆಸರಿಗೆ. ಅದರ ಕೆಳಗೆ, ಮಾವನ ಬಾಗಿದ ಅಕ್ಷರದಲ್ಲಿ: ಪಂಚಾಕ್ಷರಿ. ಅದಕ್ಕೆ ಗೀಟಿರಲಿಲ್ಲ.

ಕೂದಲು ಅಲುಗಿತು. ಬೆರಳಿಗೆ ಸುತ್ತಿತು. ಕೊಡವಿದ. ಬಿಡಲಿಲ್ಲ. ಅಂಗೈ ತಣ್ಣಗಾಯಿತು. ಮಣಿಕಟ್ಟು ತಣ್ಣಗಾಯಿತು.

"ಮಾವಾ!"

ಮೇಲೆ, ದೋಣಿಯ ಬಾಯಲ್ಲಿ, ಮಾವನ ಮುಖ ಕಂಡಿತು. ಆ ಮುಖದಲ್ಲಿ ಗಾಬರಿಯಿರಲಿಲ್ಲ.

"ಈ ಕೈ ಮರಗಟ್ಟಿ, ಲಿಂಗ ಅಂಗೈ ಮೇಲಿಟ್ಟು ಮೂರು ತಿಂಗಳಾಗಿತ್ತು ಕಣೋ," ಎಂದರು, ಅಳುವ ದನಿಯಲ್ಲಿ. "ಬಿಚ್ಚಿದ್ದೀಯಲ್ಲ. ಕಟ್ಟಿಬಿಡಪ್ಪ."

ಕಟ್ಟಿದ. ಬಲಗೈಯಿಂದ, ಹಲ್ಲು ಕಚ್ಚಿಕೊಂಡು ಮುಚ್ಚಳ ತಿರುಗಿಸಿ ಬಿಗಿದ. ಆಗಲೇ ಕೂದಲು ಅವನನ್ನು ಬಿಟ್ಟದ್ದು. ಮುನಿರಾಮಯ್ಯ ಕಂಕುಳಿಗೆ ಕೈಹಾಕಿ ಮೇಲೆಳೆದುಕೊಂಡ.

ಮರುದಿನ ಬೆಳಿಗ್ಗೆ ಮಾವ ಅವನ ಎದುರೇ ಪೂಜೆಗೆ ಕೂತರು. ಟವೆಲಿಲ್ಲದ ಎಡ ಅಂಗೈ ಮೇಲೆ ಲಿಂಗ, ಕಣ್ಣತುಂಬ ನೀರು. ಪಂಚಾಕ್ಷರಿ ತನ್ನ ಲಿಂಗವನ್ನು ಅಂಗೈ ಮೇಲಿಟ್ಟ. ತಂಪಿಲ್ಲ, ಭಾರವಿಲ್ಲ. ಮರದಂಥ ಕೈಯಿಂದ ಅದು ಜಾರಿ ಮಡಿಲಿಗೆ ಬಿತ್ತು.

ಮಾವ ವಿಭೂತಿ ಹಚ್ಚಿಕೊಂಡು, ಡಬ್ಬಿಯೊಳಗಿದ್ದ ಆ ಪೆನ್ಸಿಲನ್ನು ಜೇಬಿನಿಂದ ತೆಗೆದು ಅವನ ಮುಂದೆ ಸರಿಸಿದರು. ಅದು ಡಬ್ಬಿಯೊಳಗೇ ಮುಚ್ಚಿಹೋಗಿತ್ತು ಎಂಬುದು ಪಂಚಾಕ್ಷರಿಗೆ ಚೆನ್ನಾಗಿ ನೆನಪಿತ್ತು.

"ನಿನ್ನ ತಮ್ಮ ಗುರುಸಿದ್ದ ಸುಮ್ನೇ ಮನೇಲಿದಾನಲ್ವಾ?" ಎಂದರು ಮೆಲ್ಲಗೆ. "ನಿನ್ನ ಹೆಸರಿನ ಕೆಳಗೆ ಅವನದ್ದು ಬರಿ. ಕಾಗದ ಹಾಕು. ಕೆಲಸ ಇದೆ ಅಂತ."

ಪಂಚಾಕ್ಷರಿ ಪೆನ್ಸಿಲನ್ನು ಎತ್ತಿಕೊಂಡ. ಮಡಿಲ ಲಿಂಗವನ್ನೊಮ್ಮೆ ನೋಡಿದ. ಆಮೇಲೆ ಪೆನ್ಸಿಲನ್ನು ಹಲ್ಲಿಗೆ ಕೊಟ್ಟು, ಮಾವನ ಕಣ್ಣಿನಲ್ಲಿ ಕಣ್ಣಿಟ್ಟು, ಕಚ್ಚಿ ಮುರಿದ.