ಐಸ್ ಪೆಟ್ಟಿಗೆಯಲ್ಲಿ ದುರ್ಗಿಯ ಗಂಟು

"ದೋಣಿ ನಿಲ್ಲಿಸು!"

ಮೈಕಿನಲ್ಲಿ ಕೂಗಿದ್ದು ಪೊಲೀಸ್ ಬೋಟು. ನಮಗೂ ಅದಕ್ಕೂ ನಡುವೆ ಒಂದು ಕೂಗಳತೆ ನೀರು.

ನಿಲ್ಲಿಸಿದರೆ ಕೆಟ್ಟೆವು. ಲಾಕ್‌ಡೌನ್‌ನಲ್ಲಿ ಕಡಲಿಗಿಳಿದದ್ದಕ್ಕೆ ಒಂದು ಕೇಸು. ಸೀಲ್ ಆದ ಭಟ್ಕಳದಿಂದ ತಪ್ಪಿಸಿಕೊಂಡದ್ದಕ್ಕೆ ಇನ್ನೊಂದು.

ನಾನು ಜಗದೀಶ. ಭಟ್ಕಳ ಬಂದರದಲ್ಲಿ ಯಾರ ಬಲೆ ಯಾರು ಕದ್ದರು, ಯಾರ ಪಾಲು ಯಾರು ನುಂಗಿದರು... ಎಲ್ಲ ಸ್ಟೇಷನ್ ಮೆಟ್ಟಿಲು ಹತ್ತದೆ ಬಗೆಹರಿಸುವವನು. ಬಾಯಿಮಾತಿಗೆ ಬಗ್ಗದವರಿಗೆ ನನ್ನ ಹತ್ತಿರ ಬೇರೆ ಭಾಷೆ ಇದೆ.

ಅವತ್ತು ನನ್ನ ಕಾಲಡಿ ಇದ್ದದ್ದು ಒಂದು ಐಸ್ ಪೆಟ್ಟಿಗೆ. ಒಳಗೊಂದು ಪುಟ್ಟ ಬಾಟಲಿ. ಬಾಟಲಿಯಲ್ಲಿ, ಮೀನು ಮಾರುವ ದುರ್ಗಿಯ ಎದೆಯ ಗಂಟಿನಿಂದ ಕತ್ತರಿಸಿದ ಚೂರು!

ಕ್ಯಾನ್ಸರೋ ಅಲ್ಲವೋ... ನೋಡಿ ಹೇಳಬೇಕಾದವರು ಕುಮಟಾದ ಲ್ಯಾಬ್ ಡಾಕ್ಟರ್ ಸುಚಿತಾ. ಚೂರು ತೆಗೆದ ಆಸ್ಪತ್ರೆ ಮರುದಿನವೇ ಬರೀ ಕೊರೊನಾದವರಿಗೆ ಅಂತ ಆಯಿತು. ಕೊರಿಯರ್ ಬಂದ್. ಹೈವೇಗೆ ಬ್ಯಾರಿಕೇಡ್. ಉಳಿದದ್ದು ಕಡಲು.

ಎಂಜಿನ್ ಹಿಡಿದವನು ದುರ್ಗಿಯ ತಮ್ಮ ದಿನಕರ. ಎದುರಿಗೆ ಹೊನ್ನಾವರದ ಅಳಿವೆ. ಶರಾವತಿ ಕಡಲು ಸೇರುವ ಆ ಬಾಯಲ್ಲಿ ನೀರಿನಡಿ ಮರಳು ದಿಬ್ಬ ಇದೆ. ದೊಡ್ಡ ದೊಡ್ಡ ಬೋಟುಗಳನ್ನೇ ಮಗುಚಿ ಹಾಕಿದ ಜಾಗ.

"ದಿಬ್ಬದ ಮೇಲೆ ಬಿಡು" ಅಂದೆ.

"ಮಗುಚಿದ್ರೆ ಎಂತ ಮಾಡೂದು, ಜಗ್ಗಣ್ಣ?"

"ಪೆಟ್ಟಿಗೆ ಹಿಡ್ಕೊ. ನನ್ನ ಬಿಡು."

ತೆರೆ ಎತ್ತಿತು... ಕುಕ್ಕಿತು... ತಳ ಮರಳಿಗೆ ಉಜ್ಜಿತು. ಆದರೆ ದಾಟಿದೆವು! ಪೊಲೀಸ್ ಬೋಟು ಆಚೆಯೇ ತಿರುಗಿಕೊಂಡಿತು.

ಕುಮಟಾ ದಡದಲ್ಲಿ ಬಡಿಗೆ ಹಿಡಿದು ನಾಲ್ಕಾರು ಜನ. ಭಟ್ಕಳದ ಕೊರೊನಾ ಇಲ್ಲಿ ಇಳಿಸಿದರೆ ಕಾಲು ಮುರಿಯುತ್ತೇವೆ ಅಂದರು. ನಾನು ಮಾಸ್ಕ್ ಕೆಳಗೆಳೆದು ಒಮ್ಮೆ ಜೋರಾಗಿ ಕೆಮ್ಮಿದೆ.

ದಡ ಖಾಲಿ!

ಗಾಳಿಮರದಡಿ ಕಾರು ನಿಲ್ಲಿಸಿ ಕಾಯುತ್ತಿದ್ದ ಸುಚಿತಾ ಡಾಕ್ಟರು ಬಾಟಲಿ ತೆಗೆದು ಬೆಳಕಿಗೆ ಹಿಡಿದರು. ಮುಚ್ಚಳ ಬಿಚ್ಚಿದರು. ಮುಖ ಬಿಳಿಚಿತು.

"ಇದರಲ್ಲಿದ್ದ ಫಾರ್ಮಾಲಿನ್ ಎಲ್ಲಿ?"

"ಚೆಲ್ಲಿದೆ" ಅಂದ ದಿನಕರ. ಎದೆ ಉಬ್ಬಿಸಿಯೇ ಅಂದ. "ಹಳಸಿದ ಮೀನು ತಾಜಾ ಕಾಣ್ಲಿ ಅಂತ ಕಳ್ಳರು ಹಾಕೂ ವಿಷ ಅದು. ವಾಸ್ನೆ ನಂಗೆ ಗೊತ್ತಿಲ್ವಾ? ನಮ್ಮನೆ ಮೀನಿಗೇ ಅದನ್ನ ಮುಟ್ಟಿಸಿದವರಲ್ಲ ನಾವು. ಅಕ್ಕನ ಮೈಗೆ ಹಾಕ್ತ್ನಾ? ನಿನ್ನೆ ಬೆಳಗ್ಗೆಯಿಂದ ಒಳ್ಳೆ ಐಸಿನಲ್ಲೇ ಇಟ್ಟಿದ್ದೆ."

ಡಾಕ್ಟರು ಅಲ್ಲೇ ಮರಳಿನ ಮೇಲೆ ಕೂತುಬಿಟ್ಟರು. ಆ ಔಷಧಿ ಇಲ್ಲದಿದ್ದರೆ ಚೂರು ಐಸಿನಲ್ಲೂ ಒಳಗೊಳಗೇ ಕೊಳೆಯುತ್ತದಂತೆ. ಕೊಳೆತದ್ದರಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಯಾವ ಮೈಕ್ರೋಸ್ಕೋಪಿಗೂ ಹೇಳಲಾಗದಂತೆ. ಮರಳು ದಿಬ್ಬ ನುಂಗದ್ದನ್ನು ಮೀನುಗಾರನ ನಿಯತ್ತು ನುಂಗಿತ್ತು. ದಿನಕರ ತಲೆ ಎತ್ತಲಿಲ್ಲ. ನಾನು ಪೆಟ್ಟಿಗೆಯ ಐಸನ್ನು ಮರಳಿಗೆ ಸುರಿದೆ.

"ಅವರನ್ನೇ ಕರ್ಕೊಂಡು ಬನ್ನಿ. ಹೇಗಾದ್ರೂ ಸರಿ. ಇಲ್ಲೇ ಇನ್ನೊಮ್ಮೆ ತೆಗೆಸ್ತೇನೆ. ಆ ಗಂಟು ಬೆಳೀತಾ ಇದೆ, ತಡ ಮಾಡ್ಬೇಡಿ" ಅಂದರು ಡಾಕ್ಟರು.

ಅಷ್ಟರಲ್ಲಿ ಫೋನು. ದುರ್ಗಿ!

ಪಕ್ಕದ ಮನೆಗೆ ಕೊರೊನಾ ಬಂದದ್ದಕ್ಕೆ ಆರೋಗ್ಯ ಇಲಾಖೆಯವರು ಕೇರಿಯವರೆಲ್ಲರ ಮೂಗಿಗೆ ಕಡ್ಡಿ ಹಾಕಿಕೊಂಡು ಹೋಗಿದ್ದರು. ಅದರ ರಿಪೋರ್ಟು ಬಂದಿತ್ತು.

"ಜಗ್ಗಣ್ಣಾ, ನೆಗೆಟಿವ್ ಅಂತೆ! ನಂಗೆ ಎಂತದೂ ಇಲ್ಲಂತೆ. ಆ ಬಾಟ್ಲಿ ಇನ್ನ ಬೇಡ, ತಮ್ಮನ್ನ ಕರ್ಕೊಂಡು ವಾಪಸ್ ಬಾ. ಕೇರಿಯಲ್ಲೆಲ್ಲ ಸಕ್ಕರೆ ಹಂಚ್ತಾ ಇದ್ದೆ."

ಅದು ಕೊರೊನಾದ್ದು, ಗಂಟಿನದ್ದು ಬೇರೆ ಅಂತ ಹೇಳಹೊರಟೆ. ಅವಳು ನಗುತ್ತಿದ್ದಳು... ಕೇಳುವ ಸ್ಥಿತಿಯಲ್ಲೇ ಇರಲಿಲ್ಲ.

ಫೋನು ಇಟ್ಟೆ. ಅವಳನ್ನು ಇಲ್ಲಿಗೇ ಕರೆತರಲು ದೋಣಿ ತಿರುಗಿಸು ಅಂತ ದಿನಕರನಿಗೆ ಹೇಳಿದೆ.

ಈ ಕಸುಬಿನಲ್ಲಿ ಎಂತೆಂಥವರನ್ನೋ ಹೆದರಿಸಿದ್ದೇನೆ ಸ್ವಾಮಿ. ನೆಗೆಟಿವ್ ಬಂದವಳನ್ನು ಹೆದರಿಸಲು ಹೊರಟದ್ದು ಅದೇ ಮೊದಲು.