ನಾನೂರೈವತ್ತು ಕುದುರೆಗಳ ಸುಳ್ಳು

ನನ್ನ ತಲೆಯ ಮೇಲೆ ಎಂಜಿನ್ ತೂಗುತ್ತಿತ್ತು.

ಮುನ್ನೂರು ಕಿಲೋ ಕಬ್ಬಿಣ... ಒಂದೇ ಸರಪಳಿ! ಅದನ್ನು ಇಳಿಸುವ ಲಿವರ್ ಇರಣ್ಣನ ಕೈಯಲ್ಲಿ. ಕೆಳಗೆ ಕುರ್ಚಿಯಲ್ಲಿ ನಾನು. ಹೆಗಲ ಮೇಲೆ ಅವನ ಆಳಿನ ಕೈ.

"ಚಾ ಕುಡೀರಿ ಅಕ್ಕಾರ," ಎಂದ ಇರಣ್ಣ. "ಕುಡದು ಫೋನ್ ಕೊಡ್ರಿ."

ಗದಗದ ಮನುಷ್ಯ. ಹ್ಯೂಸ್ಟನ್‌ನಲ್ಲಿ ಹಳೇ ಕಾರುಗಳ ಗ್ಯಾರೇಜ್ ಇಟ್ಟು ದೊಡ್ಡವನಾದವನು. ಕೊಲ್ಲುವ ಮಾತನ್ನೂ ಮರ್ಯಾದೆ ಕೊಟ್ಟೇ ಆಡುತ್ತಾನೆ.

"ಕೊಡದೇ ಇದ್ರೆ?"

"ಮ್ಯಾಲ ನೋಡ್ರಿ."

ನೋಡಿದೆ. ಹೆದರಿದ್ದೆ, ಸುಳ್ಳೇಕೆ ಹೇಳಲಿ?

ಇಲ್ಲಿ ಬಂದು ಹೇಗೆ ಸಿಕ್ಕಿಬಿದ್ದೆ ಅಂತೀರಾ? ಹೇಳುತ್ತೇನೆ...

ನಾನು ಅನಘಾ. ಡಲ್ಲಾಸ್ ಪಕ್ಕದ ಯೂಲೆಸ್‌ನಲ್ಲಿ ಆಫೀಸು. ಹಳೇ ಕಾರುಗಳ ಅಸಲಿ ನಕಲಿ ಪತ್ತೆ ಹಚ್ಚುವುದು ಕೆಲಸ. ಗಿರಾಕಿಗಳೆಲ್ಲ ಗಂಡಸರು. ಮನೆಯಲ್ಲಿ ತುಟಿ ಪಿಟಕ್ಕೆನ್ನದವರು, ಬಾನೆಟ್ ಎತ್ತಿದರೆ ಹುಲಿಗಳು!

ಈ ಸಲದ ಹುಲಿ ಫ್ಲವರ್ ಮೌಂಡ್‌ನ ಡಾಕ್ಟರ್ ಬದರೀನಾಥ. ರಿಟೈರ್ ಆದವರು. ಅವರ ಹತ್ತಿರ 1970ರ ಷೆವೆಲ್ ಕಾರಿದೆ. ಅವರಿಗೆ ಡ್ರೈವಿಂಗ್ ಕಲಿಸಿದ ಟೆಕ್ಸಾಸಿನ ಗೆಳೆಯ ಹ್ಯಾಂಕ್ ಸಾಯುವಾಗ ಬಿಟ್ಟುಹೋದ ಕಾರು. ಇದರ ಎಂಜಿನ್ ಮಾತ್ರ ಎಂದೂ ಬದಲಾಯಿಸಬೇಡ ಎಂದು ಅವನು ಮಾತು ತೆಗೆದುಕೊಂಡಿದ್ದನಂತೆ.

ಡಾಕ್ಟರು ಕಾರನ್ನು ರಿಪೇರಿಗೆಂದು ಇರಣ್ಣನಿಗೆ ಕೊಟ್ಟರು. ವಾಪಸ್ ಬಂದಾಗ ಅದರ ಸದ್ದೇ ಬೇರೆ. ಅದನ್ನು ಗಮನಿಸಿ ನನಗೆ ಫೋನ್ ಮಾಡಿದ್ದು ಅವರ ಹೆಂಡತಿ ಶಾರದಾ ಆಂಟಿ. ಡಾಕ್ಟರಿಗೆ ಸದ್ದಿನ ಚಿಂತೆಯೇ ಇರಲಿಲ್ಲ. ಶಕ್ತಿ ಅಳೆಯುವ ತನ್ನ ಮೆಷಿನ್ ಮೇಲೆ ಓಡಿಸಿ ನೋಡಿದಾಗ ಸರಿಯಾಗಿ ನಾನೂರೈವತ್ತು ಹಾರ್ಸ್‌ಪವರ್ ಬಂತು ಎಂದು ಇರಣ್ಣ ಹೇಳಿದ್ದ. ಅವರು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ನನಗೆ ಅಲ್ಲೇ ವಾಸನೆ ಹೊಡೆಯಿತು.

ನಾನೂರೈವತ್ತು ಎಂಬುದು ಕಾರು ಕಂಪನಿಯ ಜಾಹೀರಾತಿನ ಅಂಕಿ. ಆ ಕಾಲದಲ್ಲಿ ಎಂಜಿನ್ನನ್ನು ಕಾರಿನಿಂದ ಹೊರಗೆ, ಸ್ಟ್ಯಾಂಡಿನ ಮೇಲಿಟ್ಟು ಅಳೆಯುತ್ತಿದ್ದರು. ಸೈಲೆನ್ಸರ್ ಇಲ್ಲ, ಏರ್ ಫಿಲ್ಟರ್ ಇಲ್ಲ. ಬಚ್ಚಲುಮನೆಯಲ್ಲಿ ಹಾಡಿ ಗಾಯಕನಾದ ಹಾಗೆ! 1972ರ ಹೊತ್ತಿಗೆ ಎಲ್ಲವನ್ನೂ ಜೋಡಿಸಿಯೇ ಅಳೆಯುವ ಪದ್ಧತಿ ಬಂತು. ಎಂಜಿನ್‌ಗಳೂ ಅಷ್ಟರಲ್ಲಿ ಒಂಚೂರು ಸಪ್ಪಗಾಗಿದ್ದವು, ನಿಜ. ಆದರೆ ಬಹಳಷ್ಟು ಕುದುರೆಗಳು ಓಡಿಹೋದದ್ದು ಬರೀ ಅಳತೆಯಲ್ಲಿ. ಗ್ಯಾರೇಜಿನ ಮೆಷಿನ್ನಿನಂತೆ ಚಕ್ರದ ಹತ್ತಿರ ಅಳೆದರಂತೂ ಇನ್ನೂ ಕಮ್ಮಿ. ಸರಿಯಾಗಿ ನಾನೂರೈವತ್ತು ಬಂತು ಎನ್ನುವವನು ಅಳೆದೇ ಇಲ್ಲ.

ಸುಳ್ಳು ಸಿಕ್ಕಿತು. ಸಾಕ್ಷಿ?

ಅದನ್ನು ಇರಣ್ಣನೇ ಕಳಿಸಿದ!

ಆಯುಧಪೂಜೆಯ ದಿನ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದ್ದ. ಬೇರೆ ಕಳ್ಳನಾಗಿದ್ದರೆ ಕದ್ದ ಮಾಲನ್ನು ಟಾರ್ಪಾಲಿನ್ ಅಡಿ ಮುಚ್ಚಿಡುತ್ತಿದ್ದ. ಇವನು ಪೂಜೆಗೆಂದು ಎಂಜಿನ್ನನ್ನು ಉಜ್ಜಿ ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿದ್ದ. ಜಿಡ್ಡೆಲ್ಲ ಹೋಗಿ, ಅದರ ಮೇಲೆ ಒತ್ತಿದ ನಂಬರ್ ಫಳಫಳ ಹೊಳೆಯುತ್ತಿತ್ತು. ಡಾಕ್ಟರ ಹಳೇ ಕಾಗದಪತ್ರಗಳಲ್ಲಿದ್ದ ಹ್ಯಾಂಕನ ಎಂಜಿನ್ನಿನ ನಂಬರೇ ಅದು.

ಡಾಕ್ಟರ ಷೆವೆಲ್ಲನ್ನೇ ಡ್ರೈವ್ ಮಾಡಿಕೊಂಡು ಹ್ಯೂಸ್ಟನ್‌ಗೆ ಬಂದೆ. ಗ್ಯಾರೇಜಿನ ಹಿಂಬಾಗಿಲಿನಿಂದ ನುಸುಳಿದರೆ ಎಂಜಿನ್ ಸರಪಳಿಯಲ್ಲಿತ್ತು, ಪಕ್ಕದಲ್ಲಿ ಮರದ ಪೆಟ್ಟಿಗೆ. ಪೆಟ್ಟಿಗೆಯ ಚೀಟಿಯ ಪ್ರಕಾರ ಅಂದೇ ಸಂಜೆ ವಿದೇಶಕ್ಕೆ ಹಡಗು. ಅದು ಹೋಯಿತೆಂದರೆ ಡಾಕ್ಟರು ಸತ್ತವನಿಗೆ ಕೊಟ್ಟ ಮಾತೂ ಹೋದಂತೆ. ಫೋಟೋ ತೆಗೆದುಕೊಂಡೆ... ಹಿಂದಿನಿಂದ ಹೆಗಲ ಮೇಲೆ ಕೈ ಬಿತ್ತು.

ಈಗ ಲಿವರ್ ಕರ್ ಎಂದಿತು. ಎಂಜಿನ್ ಒಂದು ಗೇಣು ಇಳಿಯಿತು. ಅದರ ಮೇಲಿನ ಕುಂಕುಮ ಕಾಣುವಷ್ಟು ಹತ್ತಿರ.

ಆಗ ಹೊಳೆಯಿತು.

"ಬಿಡಿ ಇರಣ್ಣ," ಎಂದೆ. "ಎಂಜಿನ್ ಬಿದ್ದು ಅದರ ಬ್ಲಾಕ್ ಸೀಳಿದ್ರೆ ಹಡಗಿಗೆ ಏನು ಹಾಕ್ತೀರಿ? ನನ್ನ ಹೆಣಾನಾ?"

ಅವನ ಕೈ ನಿಂತಿತು. ಅಷ್ಟು ಸಾಕು! ಕೈಯಲ್ಲಿದ್ದ ಬಿಸಿ ಚಹಾವನ್ನು ಆಳಿನ ಮುಖಕ್ಕೆ ಎರಚಿದೆ. ಓಡಿದೆ. ಷೆವೆಲ್... ಕೀ... ಗೇರ್...

ಹಿಂದೆಯೇ ಅವರ ಪಿಕಪ್.

ಆಕ್ಸಿಲರೇಟರ್ ಪೂರ್ತಿ ತುಳಿದೆ. ಇರಣ್ಣ ಕೂರಿಸಿದ್ದ ನಕಲಿ ಎಂಜಿನ್ ಅಬ್ಬರಿಸಿತು. ಕೆಮ್ಮಿತು. ಫ್ಲೈಓವರ್ ಏರುವಾಗ ಅದಕ್ಕೆ ದಮ್ಮು ಕಟ್ಟಿತು. ಮಕ್ಕಳನ್ನು ತುಂಬಿಕೊಂಡ ಮಿನಿವ್ಯಾನ್ ಕೂಡ ನನ್ನನ್ನು ದಾಟಿ ಹೋಯಿತು!

ಪಿಕಪ್ ಗುದ್ದಿತು. ಹಿಂದಿನ ಗಾಜು ಸಿಡಿಯಿತು. ಇನ್ನೊಮ್ಮೆ ಗುದ್ದಿತು. ಸ್ಟಿಯರಿಂಗ್ ಅಪ್ಪಿಕೊಂಡು ಎಕ್ಸಿಟ್ ತೆಗೆದುಕೊಂಡೆ. ಕಾರನ್ನು ಸೀದಾ ಪೊಲೀಸ್ ಸ್ಟೇಷನ್ನಿನ ಅಂಗಳಕ್ಕೆ ನುಗ್ಗಿಸಿದೆ. ಕೋಪದ ಭರದಲ್ಲಿ ಪಿಕಪ್ಪೂ ಒಳಗೆ ಬಂತು. ಅಂಗಳ ಯಾರದೆಂದು ಇರಣ್ಣನಿಗೆ ಗೊತ್ತಾಗುವಷ್ಟರಲ್ಲಿ ಪಿಸ್ತೂಲುಗಳು ಹೊರಗೆ ಬಂದಿದ್ದವು.

ಸಂಜೆಯ ಹಡಗು ಪೆಟ್ಟಿಗೆಯಿಲ್ಲದೆ ಹೊರಟಿತು.

ಪೊಲೀಸರು ಎಂಜಿನ್ ವಾಪಸ್ ಕೊಟ್ಟ ಮೇಲೆ ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿ ನನ್ನ ನಂಬಿಕೆಯ ಮೆಕ್ಯಾನಿಕ್ ಅದನ್ನು ಷೆವೆಲ್‌ಗೆ ಕೂರಿಸಿದ. ಸ್ಟಾರ್ಟ್ ಮಾಡಿದ. ಡಾಕ್ಟರು ಬಾನೆಟ್ ಮೇಲೆ ಕೈಯಿಟ್ಟು ಹ್ಯಾಂಕ್, ಹ್ಯಾಂಕ್ ಎಂದು ಅತ್ತುಬಿಟ್ಟರು. ಆಮೇಲೆ ಮೆಕ್ಯಾನಿಕ್ ಕಾರನ್ನು ಮೆಷಿನ್ ಮೇಲೆ ಓಡಿಸಿ ಅಂಕಿ ಹೇಳಿದ.

ಮುನ್ನೂರ ಹನ್ನೆರಡು.

ಇದೇ ಅಸಲಿ ಅಂಕಿ, ಎಂಜಿನ್ ಗುಂಡುಕಲ್ಲಿನಂತಿದೆ ಎಂದು ನಾನು ಸಮಾಧಾನ ಹೇಳಿದೆ. ಡಾಕ್ಟರು ಕಣ್ಣೊರೆಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದರು.

"ಅನಘಾ... ಆ ಇರಣ್ಣನ ಮೆಷಿನ್ ಈಗ ಎಲ್ಲಿದೆ?"

"ಗ್ಯಾರೇಜಿಗೆ ಪೊಲೀಸ್ನೋರು ಸೀಲ್ ಹಾಕಿದ್ದಾರೆ ಅಂಕಲ್."

ಅವರು ಶಾರದಾ ಆಂಟಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಸೀಲ್ ಯಾವಾಗ ತೆಗೀತಾರೆ ಅಂತ ಸ್ವಲ್ಪ ವಿಚಾರಿಸ್ತೀಯಾ?"