ಮಂಗಳವಾರ ನಿಲ್ಲುವ ದೋಣಿ

“ನಿಮ್ಮ ಅಂಗಡ್ಯಾಗ ಗುರ್ ಅಂತ ಓಡತೈತಿ, ನನ್ನ ನೀರಾಗ ನಿಂದರತೈತಿ! ಏನ್ರಿ ಮಿಸ್ತ್ರಿ, ಈ ಮೋಟಾರು ನಿಮಗೇನು ಬೀಗರಾಗಬೇಕ?”

ಸಾಣಾಪುರ ಕೆರೆಯ ನಟ್ಟನಡುವೆ ನಿಂತುಹೋದ ದೋಣಿಯಲ್ಲಿ, ಕೈಯಲ್ಲಿ ಹುಟ್ಟು ಹಿಡಿದು, ದಡಕ್ಕೆ ಕೇಳುವಂತೆ ಕೂಗಿದಳು ಸುರೇಖಾ.

ಪ್ರತಿಸಲ ಮೋಟಾರನ್ನು ರಿಪೇರಿಗೆ ಗಂಗಾವತಿಗೆ ಒಯ್ಯುತ್ತಿದ್ದುದು ಅಪ್ಪ ಮಾರೆಪ್ಪ; ಈ ಸಲ ಮಿಸ್ತ್ರಿಯನ್ನೇ ಕರೆತಂದಿದ್ದ. ದುರಗೇಶನನ್ನು ಅವಳು ನೋಡಿದ್ದು ಅಂದೇ ಮೊದಲು. ಅವನು ಅಪ್ಪನ ಪಕ್ಕದಲ್ಲಿ ನಿಂತು... ನಗುತ್ತಿದ್ದ!

‘ನನ್ನ ಪಾಡು ಇವನಿಗೆ ನಗೆಪಾಟಲು!’ ಅವಳ ಕಣ್ಣು ಉರಿಯಿತು.

ಬಿಸಿಲಲ್ಲಿ ಬೆವರಿಳಿಸಿ ಹುಟ್ಟು ಹಾಕುತ್ತಾ ದಡ ಸೇರಿದಳು. ದುರಗೇಶ ಪ್ಲಗ್ ಬಿಚ್ಚಿ, ಹಗ್ಗ ಎಳೆದು ನೋಡಿದ. ನೀಲಿ ಕಿಡಿ ಚಟ್ಟನೆ ಹಾರಿತು.

“ಏನೂ ತಪ್ಪಿಲ್ರಿ ಇದರಾಗ.”

“ಅಂದ್ರ ತಪ್ಪು ನಂದು! ಹೆಣ್ಣುಮಗಳು ನಡಸ್ತಾಳ, ಅದಕ್ಕ ನಿಂದರತೈತಿ. ಊರವರು ಅಂದಿದ್ದು ಸಾಲದು, ನೀವೂ ಅನ್ರಿ!”

“ನಾ ಹಂಗಂದೆನೇನ್ರಿ...?”

ಅವಳು ಕೇಳಿಸಿಕೊಳ್ಳಲಿಲ್ಲ. ಅಪ್ಪ ನಿಟ್ಟುಸಿರುಬಿಟ್ಟ. “ಬರೋ ಮಂಗಳವಾರ ಲೈಸೆನ್ಸ್ ಕೊಡೋ ಸಾಹೇಬ್ರು ದೋಣಿ ಪರೀಕ್ಷಾ ಮಾಡಾಕ ಬರ್ತಾರ. ಅವತ್ತೂ ನಿಂತ್ರ ಮೋಟಾರು ಮಾರಿಬಿಡ್ತೀನವ್ವಾ. ಸಾಕು.”

ಆ ದೋಣಿ ಇಲ್ಲದೆ ತಾನು ಯಾರು? ಸುರೇಖಾಳಿಗೆ ಅನ್ನ ಸೇರಲಿಲ್ಲ.

ಮಂಗಳವಾರ ಹೊತ್ತು ಮೂಡುವಾಗಲೇ ದುರಗೇಶ ದಡದಲ್ಲಿದ್ದ!

“ನಿಮ್ಮನ್ಯಾರು ಕರದ್ರು?”

“ಯಾರೂ ಇಲ್ರಿ. ನನ್ನ ಕೈಗೆ ಬರೂದ್ರಾಗ ಇದು ಶಾಣ್ಯಾ ಆಗಿರತೈತಿ. ನೀರಿಗಿಳಿಯೂಕಿಂತ ಮೊದಲ ಏನಾಕ್ಕೈತಿ, ನೋಡೂಣಂತ ಬಂದೆ.”

ಅಷ್ಟರಲ್ಲಿ ಅವ್ವ ಪಕ್ಕೀರವ್ವ ಪೂಜೆಯ ತಾಟು ಹಿಡಿದು ಬಂದಳು. ಪ್ರತಿ ಮಂಗಳವಾರದಂತೆ ಸುರೇಖಾ ಮೋಟಾರಿನ ಮುಚ್ಚಳ ತೆಗೆದು ಹಿಡಿದಳು. ಅವ್ವ ಒಳಗೆ ಕುಂಕುಮ ಹಚ್ಚಿ, ಹೂವಿಟ್ಟು, ಕಾಯಿ ಒಡೆದು, ನೀರನ್ನೆಲ್ಲ ಭಕ್ತಿಯಿಂದ ಅದರ ಮೇಲೆ ಸುರಿದಳು.

“ನನ್ನ ಮಗಳನ್ನ ನಡುನೀರಾಗ ಕೈಬಿಡಬ್ಯಾಡಪಾ...”

ಕಾಯಿನೀರು ತೊಟ್ಟಿಕ್ಕುವುದನ್ನೇ ನೋಡುತ್ತಿದ್ದ ಸುರೇಖಾ ಬೆಚ್ಚಿದಳು.

‘ಹೋದ ವಾರ ನಿಂತದ್ದು ಮಂಗಳವಾರ. ಅದರ ಹಿಂದೆಯೂ... ಮಂಗಳವಾರವೇ!’

ಪ್ಲಗ್ಗಿನ ರಬ್ಬರ್ ಟೋಪಿಯನ್ನು ಕಿತ್ತಳು. ಒಳಗೆ ಹಸಿ, ಅಂಟು, ಹಸಿರು ಕಿಲುಬು. ಮೂಗಿಗೆ ಹಿಡಿದರೆ ತೆಂಗಿನ ವಾಸನೆ!

“ಮಿಸ್ತ್ರಿ! ನೋಡ್ರಿ ಇಲ್ಲಿ!”

ದುರಗೇಶನ ಮುಖ ಅರಳಿತು. “ಸಿಕ್ಕಬಿಡ್ತಲ್ರಿ! ಕರೆಂಟು ಹಸೀ ಹಿಡದು ಹೊರಗ ಹೊಂಟೈತಿ, ಪ್ಲಗ್ಗಿನಾಗ ಕಿಡಿ ಹಾರವಲ್ದು.”

“ನಿಮ್ಮ ಅಂಗಡಿ ಮುಟ್ಟೂದ್ರಾಗ ಒಣಗಿರತಿತ್ತು! ಹೋದ ವಾರ ನಾ ದಡ ಸೇರೂದ್ರಾಗ ಬಿಸಿಲಿಗೇ ಒಣಗಿತ್ತು!”

ಅವ್ವನ ಮುಖ ಮಾತ್ರ ಬಾಡಿತು. “ಹಂಗಾರ... ನನ್ನ ಪೂಜಾನ ನನ್ನ ಮಗಳಿಗೆ ಮುಳುವಾತೇನು?”

ದುರಗೇಶ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. “ಇಲ್ಲಬೇ ಯವ್ವಾ. ಇಷ್ಟು ಸಲ ನಿಂತ್ರೂ ಒಬ್ಬರಿಗೂ ಏನೂ ಆಗಿಲ್ಲ, ಅದು ನಿನ್ನ ಪೂಜಾದಿಂದನ. ಇನ್ನಮ್ಯಾಲೆ ಕುಂಕುಮ ಮುಚ್ಚಳಕ್ಕ ಹಚ್ಚು, ಕಾಯಿ ಈ ಕಲ್ಲಿಗೆ ಒಡಿ. ದೇವರಿಗೆ ಎಲ್ಲಾ ಮುಟ್ಟತೈತಿ.”

ಅವ್ವ ಕಣ್ಣೊರೆಸಿಕೊಂಡು ನಕ್ಕಳು. ಸುರೇಖಾಳ ಎದೆಯಲ್ಲಿ ಏನೋ ಕರಗಿತು... ‘ಇವನನ್ನೇ ನಾನು ಬೈದದ್ದು?’

ಒರೆಸಿ, ಒಣಗಿಸಿ, ದುರಗೇಶ ಹೊಸ ಟೋಪಿ ಹಾಕಿದ. ಸಾಹೇಬರು ಬಂದು ದೋಣಿ ಹತ್ತಿದರು. ಸುರೇಖಾ ಹಗ್ಗ ಎಳೆದಳು.

ಗುರ್ರ್...!

ದೋಣಿ ಬಂಡೆಗಳನ್ನು ಬಳಸಿ, ಇಡೀ ಕೆರೆಯನ್ನು ಸುತ್ತಿ, ನೀರನ್ನು ಸೀಳಿಕೊಂಡು ತಿರುಗಿ ಬಂತು. ಎಲ್ಲೂ ನಿಲ್ಲಲಿಲ್ಲ! ಸಾಹೇಬರು ಇಳಿಯುತ್ತಲೇ ಅಂದರು, “ಪಾಸ್, ಸುರೇಖಾ ಅವರೇ!”

ಮಾರೆಪ್ಪ ಟವೆಲ್ಲನ್ನು ಗಾಳಿಯಲ್ಲಿ ಬೀಸಿದ. “ನನ್ನ ಮಗಳ್ರೀ! ನನ್ನ ಮಗಳು ನಡಸ್ಯಾಳ!”

ಗದ್ದಲದ ಆಚೆ ದುರಗೇಶ ಪಾನಾ, ಇಕ್ಕಳಗಳನ್ನು ಚೀಲಕ್ಕೆ ತುಂಬುತ್ತಿದ್ದ. “ಇನ್ನ ಇದು ಕೆಡಂಗಿಲ್ರಿ. ನನಗಿಲ್ಲಿ ಕೆಲಸಿಲ್ಲ...”

ಸುರೇಖಾ ಅವನ ದಾರಿಗೆ ಅಡ್ಡ ನಿಂತಳು. “ಅವತ್ತು ಯಾಕ ನಕ್ರಿ?”

“ಮೋಟಾರು ನಿಂತ್ರೂ ನಿಮ್ಮ ಬಾಯಿ ನಿಂದ್ರಲಿಲ್ಲಲ್ರಿ...” ಅವನ ದನಿ ತಗ್ಗಿತು. “ಅವತ್ತ ನಿಮಗ ಸೋತೆ ನಾನು.”

ಸುರೇಖಾ ನೀರಿನ ಕಡೆ ಮುಖ ತಿರುಗಿಸಿದಳು. ನಗು ಮುಚ್ಚಿಡಲಾಗಲಿಲ್ಲ.

“ಬರೋ ಮಂಗಳವಾರ ನಿಮ್ಮವ್ವನ್ನ ಕರಕೊಂಡು ಬರ್ರಿ. ಬರುವಾಗ ಒಂದು ಕಾಯಿ ತರ್ರಿ.”

“ಮೋಟಾರಿನ ಪೂಜಾಕ್ಕೇನ್ರಿ?”

“ಮೋಟಾರಿಗೆ ನಮ್ಮವ್ವ ತರ್ತಾಳ. ನೀವು ತರೂದು... ನನ್ನ ಉಡಿ ತುಂಬಾಕ!”